ಬೀಗದಕ್ಕ ಕೊಟ್ಟ ಪಾಸ್‌ವರ್ಡ್

ನಗರಸಭೆಯ ಕಚೇರಿಯಲ್ಲಿ ಅವಳಿಗೆ ಎರಡು ಹೆಸರು. ಎದುರಿಗೆ ಅಕ್ಕ, ಬೆನ್ನ ಹಿಂದೆ ಬೀಗದಕ್ಕ. ಕಂಪ್ಯೂಟರ್ ಶಾಖೆ ಅವಳದು. ಯಾರಿಗೆ ಪಾಸ್‌ವರ್ಡ್ ಮರೆತರೂ, ಯಾರ ಪರದೆ ಮಂಕು ಬಡಿದು ಕೂತರೂ, ಮೆಟ್ಟಿಲಿಳಿದು ನೀರು ಸರಬರಾಜು ಶಾಖೆಯ ಹಿಂದಿನ ಓಣಿ ದಾಟಿ ಬಂದು ಅವಳ ಬಾಗಿಲಲ್ಲಿ ತಲೆ ಕೆರೆಯುತ್ತ ನಿಲ್ಲಬೇಕಿತ್ತು. ಗುರುತಿನ ಚೀಟಿ ನೋಡದೆ ಅವಳು ಯಾರಿಗೂ ಏನನ್ನೂ ಕೊಡುತ್ತಿರಲಿಲ್ಲ. ದಿನಾ ಒಟ್ಟಿಗೆ ಕೂತು ಚಹಾ ಕುಡಿಯುವವರಿಗೂ ಅದೇ ನ್ಯಾಯ.

ತೆರಿಗೆ ಶಾಖೆಯಲ್ಲಿ ಒಬ್ಬ ಗುಮಾಸ್ತನಿದ್ದ. ಅವನ ನಡಿಗೆ, ಮಾತು, ಬರವಣಿಗೆ ಮೂರನ್ನೂ ನೋಡಿ ಜನ ನಿಧಾನಪ್ಪ ಎಂದು ಹೆಸರಿಟ್ಟಿದ್ದರು. "ನಾನ್ಯಾರು ಅಂತ ಗೊತ್ತಿಲ್ವಾ ಅಕ್ಕ?" ಎಂದು ಅವನು ಗೋಗರೆದರೆ ಅವಳು, "ನನಗೆ ಗೊತ್ತು. ಕಂಪ್ಯೂಟರಿಗೆ ಗೊತ್ತಿಲ್ಲ. ಚೀಟಿ ತನ್ನಿ" ಎನ್ನುತ್ತಿದ್ದಳು. ನಿಧಾನಪ್ಪ ಮತ್ತೆ ಮೇಲೆ ಹತ್ತಿ, ಮತ್ತೆ ಇಳಿದು ಬರುವಷ್ಟರಲ್ಲಿ ಊಟದ ಹೊತ್ತಾಗಿರುತ್ತಿತ್ತು. ಆ ಸಿಟ್ಟನ್ನು ಅವನು ಮಾತಿನಲ್ಲಿ ತೀರಿಸಿಕೊಳ್ಳುತ್ತಿದ್ದ. "ಕೈ ತುಂಬ ಬೀಗ, ಆದ್ರೆ ಮನೆಗೆ ಬರೋಕೆ ಒಬ್ರೂ ಬೀಗರಿಲ್ಲ ನೋಡಿ." ಮದುವೆಯನ್ನೇ ಆಗದ ಹೆಂಗಸಿಗೆ ಬೀಗರು ಎಲ್ಲಿಂದ ಬರಬೇಕು? ಮೊದಮೊದಲು ಆ ಮಾತು ಚುಚ್ಚುತ್ತಿತ್ತು. ಆಮೇಲೆ ಚಪ್ಪಲಿಯೊಳಗಿನ ಮೊಳೆಗೆ ಕಾಲೇ ಹೊಂದಿಕೊಂಡ ಹಾಗೆ ಅವಳೂ ಅದಕ್ಕೆ ಹೊಂದಿಕೊಂಡಳು.

ಹೀಗಿರುವಾಗ ಪಕ್ಕದ ಊರಿನ ನಗರಸಭೆಗೆ ಕಳ್ಳರು ಹೊಕ್ಕರು. ಬಾಗಿಲು ಮುರಿಯಲಿಲ್ಲ, ಗೋಡೆ ಕೊರೆಯಲಿಲ್ಲ. ಅಲ್ಲಿನ ಯಾರೋ ಒಬ್ಬರು ಬಂದ ಮೇಲ್ ಒಂದನ್ನು ತೆರೆದರು, ಅಷ್ಟೆ. ಮರುದಿನ ಕಚೇರಿಗೆ ಬಂದವರಿಗೆ ಕಂಪ್ಯೂಟರುಗಳೆಲ್ಲ ಕಲ್ಲಾಗಿ ಕಂಡವು. ಪ್ರತಿ ಪರದೆಯ ಮೇಲೂ ಬೀಗ ತೆಗೆಯಲು ಕಪ್ಪ ಕೇಳುವ ಒಂದೇ ಸಾಲು. ಹುಟ್ಟಿದ ಮಗುವಿಗೆ ಪ್ರಮಾಣಪತ್ರವಿಲ್ಲ, ಸತ್ತವರ ಮನೆಯವರಿಗೆ ಪತ್ರವಿಲ್ಲ, ಯಾರು ತೆರಿಗೆ ಕಟ್ಟಿದ್ದಾರೆ, ಯಾರು ಕಟ್ಟಿಲ್ಲ ಎಂದು ಹೇಳುವವರಿಲ್ಲ. ಜನ ಬಾಗಿಲಿಗೆ ಬಂದು ಬೈದು ಹೋಗುತ್ತಿದ್ದರು. ವಾರಗಟ್ಟಲೆ ಆ ಕಚೇರಿ ಬಾಯಿ ಕಟ್ಟಿದ ಎತ್ತಿನಂತೆ ನಿಂತಿತ್ತು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಸರಕಾರಗಳ ಹಳೆಯ ಚಾಳಿ. ರಾಜಧಾನಿಯ ನಿರ್ದೇಶನಾಲಯದಿಂದ ಎಲ್ಲ ನಗರಸಭೆಗಳಿಗೂ ಆದೇಶ ಬಂತು. ಕಂಪ್ಯೂಟರುಗಳ ತಪಾಸಣೆಯಾಗಬೇಕು, ಹಳೆಯ ಯಂತ್ರಗಳು ಹೋಗಬೇಕು, ಹೊಸ ವ್ಯವಸ್ಥೆ ಬರಬೇಕು. ಅವಳು ಇದನ್ನೇ ವರ್ಷಗಳಿಂದ ಕೇಳುತ್ತಿದ್ದಳು. ಅವಳ ಕೋಣೆಯ ಮೂಲೆಯಲ್ಲಿ ಹಳೆಯ ಸರ್ವರ್ ಒಂದಿತ್ತು. ಇಡೀ ಊರಿನ ಮನೆ, ನೀರು, ಹುಟ್ಟು, ಸಾವು ಎಲ್ಲ ಅದರ ಹೊಟ್ಟೆಯೊಳಗೆ. ಬೇಸಗೆಯಲ್ಲಿ ಅದಕ್ಕೆ ಏದುಸಿರು ಬರುತ್ತಿತ್ತು. ಆಗ ಅವಳು ತನ್ನ ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿ ತಾನು ಬೆವರುತ್ತ ಕೂರುತ್ತಿದ್ದಳು. ಹೊಸದು ಕೊಡಿಸಿ ಎಂದು ಮುಖ್ಯಾಧಿಕಾರಿಯವರಲ್ಲಿ ಕೇಳಿದಾಗಲೆಲ್ಲ "ನೋಡೋಣ" ಎಂಬ ಉತ್ತರ. ಕಚೇರಿಯಲ್ಲಿ ನೋಡೋಣ ಎಂದರೆ ಇಲ್ಲ ಎಂದೇ ಅರ್ಥ.

ಆದ್ದರಿಂದ ಆದೇಶ ಓದುತ್ತ ಅವಳಿಗೆ ಸಂತೋಷವೇ ಆಯಿತು. ಕೊನೆಯ ಸಾಲಿಗೆ ಬಂದಾಗ ತಪಾಸಣೆಗೆ ಬರುವ ಅಧಿಕಾರಿಯ ಹೆಸರು ಕಂಡಿತು. ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದಳು. ಅದೇ ಹೆಸರು.

ಆ ಕಚೇರಿಗೆ ಮೊಟ್ಟಮೊದಲು ಕಂಪ್ಯೂಟರ್ ತಂದಾಗ ಅದನ್ನು ನೋಡಿಕೊಳ್ಳಲು ಇಬ್ಬರನ್ನು ತೆಗೆದುಕೊಂಡಿದ್ದರು. ಒಬ್ಬಳು ಅವಳು, ಇನ್ನೊಬ್ಬ ಅವನು. ಇಬ್ಬರಿಗೂ ಓದು ಮುಗಿದ ಹೊಸತು. ಒಂದೇ ಕೋಣೆ, ಬೆನ್ನಿಗೆ ಬೆನ್ನು ಮಾಡಿಟ್ಟ ಎರಡು ಮೇಜು. ಧೂಳು ಹಿಡಿದ ಕಡತಗಳಿಂದ ಇಡೀ ಊರನ್ನು ಒಂದೊಂದೇ ಮನೆಯಾಗಿ ಎತ್ತಿ ಕಂಪ್ಯೂಟರಿನೊಳಗೆ ಇಟ್ಟವರು ಅವರು. ಮನೆ ತೆರಿಗೆಯ ಪ್ರೋಗ್ರಾಂ ಅನ್ನು ಇಬ್ಬರೂ ಸೇರಿ ಬರೆದರು. ಬೆನ್ನು ಮಾಡಿ ಕೂತ ಕುರ್ಚಿಗಳು ಯಾವಾಗ ಪಕ್ಕಕ್ಕೆ ಬಂದವು ಎಂಬುದು ಇಬ್ಬರಿಗೂ ನೆನಪಿರಲಿಲ್ಲ. ಮದುವೆಯ ಮಾತೂ ಆಗಿತ್ತು. ಅಷ್ಟರಲ್ಲಿ ಅವನಿಗೆ ರಾಜಧಾನಿಗೆ ವರ್ಗವಾಯಿತು. "ನೀನೂ ಬಾ" ಎಂದ. ಅವಳ ಅಮ್ಮ ಹಾಸಿಗೆ ಹಿಡಿದಿದ್ದಳು, ತಮ್ಮ ಇನ್ನೂ ಶಾಲೆಯಲ್ಲಿದ್ದ. "ಒಂದು ವರ್ಷ ತಡಿ" ಎಂದಳು. ಅವನು ಅದಕ್ಕಿಂತ ಹೆಚ್ಚೇ ತಡೆದ. ಆದರೆ ಅಮ್ಮನ ಕಾಯಿಲೆ ಮುಗಿಯಲಿ ಎಂದು ಯಾವ ಮಗಳು ಕಾಯುತ್ತಾಳೆ? ಕಾಯುವುದೇ ಪಾಪವೆನಿಸಿ ಒಂದು ದಿನ ಅವಳೇ ಫೋನ್ ಮಾಡಿ, "ಇನ್ನು ನನ್ನ ದಾರಿ ನೋಡ್ಬೇಡ" ಎಂದುಬಿಟ್ಟಳು. ಅವನು ಮದುವೆಯಾದ ಸುದ್ದಿ ಬಂತು. ಅಮ್ಮ ಆಮೇಲೂ ಬಹುಕಾಲ ಬದುಕಿದಳು.

ಈಗ ಮನೆಯಲ್ಲಿ ಇರುವುದು ಅವಳು ಮತ್ತು ತಮ್ಮನ ಹೆಂಡತಿ. ತಮ್ಮ ದೂರದೂರಿಗೆ ಲಾರಿ ಓಡಿಸುತ್ತಾನೆ. ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ಬಂದು, ಎರಡು ದಿನ ನಿದ್ದೆ ಮಾಡಿ ಹೋಗುತ್ತಾನೆ. ತಮ್ಮನ ಹೆಂಡತಿ ಹೊಲಿಗೆ ಮಾಡುವವಳು. ನಾಲಗೆಯೂ ಕತ್ತರಿಯಷ್ಟೇ ಚುರುಕು.

"ಏನತ್ತಿಗೆ, ಇವತ್ತು ಅನ್ನಕ್ಕೆ ಉಪ್ಪು ಹಾಕೋ ಬದ್ಲು ಸಕ್ಕರೆ ಹಾಕೋಕೆ ಹೋಗಿದ್ರಿ. ಏನು ಸಮಾಚಾರ?"

"ತಪಾಸಣೆಗೆ ರಾಜಧಾನಿಯಿಂದ ಬರ್ತಾರಂತೆ."

"ಬರ್ಲಿ ಬಿಡಿ. ನಿಮ್ಮ ಕೋಣೇಲಿ ಸೂಜಿ ಬಿದ್ರೂ ಲೆಕ್ಕ ಇರುತ್ತೆ. ಯಾರು ಬರೋದು?"

ಅವಳು ಹೇಳಿದಳು. ಮಷಿನ್ನಿನ ಚಕ್ರ ನಿಂತಿತು. ತಮ್ಮನ ಹೆಂಡತಿ ಆ ಮನೆಗೆ ಬರುವಷ್ಟರಲ್ಲಿ ಅದೆಲ್ಲ ಮುಗಿದು ಹೋದ ಕತೆ. ಆದರೂ ಅತ್ತೆ ಬದುಕಿದ್ದಾಗ ಅವಳಿಗೆ ಎಲ್ಲವನ್ನೂ ಹೇಳಿಯಾಗಿತ್ತು. ಅವಳು ಮಷಿನ್ನು ಬಿಟ್ಟೆದ್ದು, "ಹಾಗಾದ್ರೆ ಆ ನೀಲಿ ಬಟ್ಟೆ ಹಾಕ್ಕೊಂಡು ಹೋಗಿ. ತೋಳು ಸ್ವಲ್ಪ ಸಡಿಲ ಆಗಿದೆ, ಹಿಡಿದುಕೊಡ್ತೀನಿ" ಎಂದಳು.

"ಹುಚ್ಚಿ. ಅವರು ಕಂಪ್ಯೂಟರ್ ನೋಡೋಕೆ ಬರ್ತಿರೋದು."

"ನೋಡ್ಲಿ. ಅದರ ಪಕ್ಕದಲ್ಲಿ ಇರೋರೂ ಕಣ್ಣಿಗೆ ಬೀಳ್ತಾರಲ್ಲ."

ಅವನು ಬಂದ ದಿನ ಅವಳು ನೀಲಿ ಬಟ್ಟೆಯಲ್ಲೇ ಇದ್ದಳು. ಅವನ ಕೂದಲು ಬೆಳ್ಳಗಾಗಿತ್ತು, ಕನ್ನಡಕ ದಾರದಲ್ಲಿ ಎದೆಗೆ ಇಳಿಬಿದ್ದಿತ್ತು. ಮುಖ್ಯಾಧಿಕಾರಿಯವರು ಅವನನ್ನು ಕರೆತಂದು, "ಇವರೇ ನಮ್ಮ ಕಂಪ್ಯೂಟರ್ ಶಾಖೆ" ಎಂದು ಪರಿಚಯಿಸಿದರು. ಅವನು ಕೈ ಮುಗಿದ.

"ಹೇಗಿದ್ದೀರಿ?"

ಅವನು ನಗಬಹುದು, ನಗದಿರಬಹುದು, ಗುರುತೇ ಇಲ್ಲದಂತೆ ಇರಬಹುದು ಎಂದು ಎಲ್ಲಕ್ಕೂ ಅವಳು ಮನಸ್ಸನ್ನು ಗಟ್ಟಿ ಮಾಡಿಕೊಂಡಿದ್ದಳು. ಆದರೆ ಆ 'ದ್ದೀರಿ'ಗೆ ಅವಳು ಸಿದ್ಧಳಿರಲಿಲ್ಲ. ಅವನ ಬಾಯಲ್ಲಿ ಅವಳು ಎಂದೂ ಬಹುವಚನವಾಗಿರಲಿಲ್ಲ. ನಾಲ್ಕು ಜನರ ಎದುರು ಇನ್ನೇನು ಹೇಳಿಯಾನು ಎಂದು ತಾನೇ ಸಮಾಧಾನ ಹೇಳಿಕೊಂಡು, "ಚೆನ್ನಾಗಿದ್ದೀನಿ ಸರ್" ಎಂದಳು. ಆ 'ಸರ್' ಅವನಿಗೂ ಎಲ್ಲೋ ತಾಗಿತೆಂದು ಕಾಣುತ್ತದೆ. ಕನ್ನಡಕ ಏರಿಸಿಕೊಂಡು ಗೋಡೆ ನೋಡಿದ.

ತಪಾಸಣೆ ಶುರುವಾಯಿತು. ತೆರಿಗೆ ಶಾಖೆಯಲ್ಲಿ ನಿಧಾನಪ್ಪನ ಮೇಜಿನ ಗಾಜಿನಡಿ, ದೇವರ ಪಟದ ಪಕ್ಕದಲ್ಲೇ, ಪಾಸ್‌ವರ್ಡ್ ಬರೆದ ಚೀಟಿ ಇತ್ತು. "ಮರೆತುಹೋದ್ರೆ ಕೆಳಗಿಳಿದು ಅಕ್ಕನ ಹತ್ರ ಬೈಸಿಕೊಳ್ಬೇಕಲ್ಲ ಸರ್" ಎಂಬುದು ಅವನ ಸಮಜಾಯಿಷಿ. ಆರೋಗ್ಯ ಶಾಖೆಯಲ್ಲಿ ಎಲ್ಲರಿಗೂ ಸೇರಿ ಒಂದೇ ಪಾಸ್‌ವರ್ಡ್. ಅದು ಎಂದೋ ನಿವೃತ್ತರಾದ ಮೇಲಧಿಕಾರಿಯ ನಾಯಿಯ ಹೆಸರು. ಮುಖ್ಯಾಧಿಕಾರಿಯವರ ಕಂಪ್ಯೂಟರಿಗೆ ಪಾಸ್‌ವರ್ಡೇ ಇರಲಿಲ್ಲ. "ನನ್ನ ಕೋಣೆಗೆ ನನ್ನ ಕೇಳದೆ ಯಾರ್ರೀ ಬರ್ತಾರೆ?" ಎಂದು ಅವರು ಕೇಳಿದಾಗ ಅವನು ಬಹಳ ವಿನಯದಿಂದ, "ಬರೋರು ಬಾಗಿಲಿಂದ ಬರಲ್ಲ ಸರ್" ಎಂದ. ಅವಳು ಮುಖ ತಿರುಗಿಸಿ ನಗು ನುಂಗಿದಳು. ಇಷ್ಟು ವರ್ಷ ತಾನು ಗಂಟಲು ಹರಿದುಕೊಂಡು ಹೇಳಿದ್ದನ್ನು ಅವನು ಒಂದೇ ಸಾಲಿನಲ್ಲಿ ಹೇಳಿದ್ದ.

ಕೊನೆಗೆ ಅವಳ ಕೋಣೆ. ಗೋಡೆಯ ಮೇಲೆ ಅವಳೇ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದಳು: 'ಫೋನಿನಲ್ಲಿ ಪಾಸ್‌ವರ್ಡ್ ಹೇಳಲಾಗುವುದಿಲ್ಲ. ಯಾರೇ ಕೇಳಿದರೂ.' ಅವನು ಅದನ್ನು ಓದಿದ. ಒಂದೊಂದೇ ಪ್ರಶ್ನೆ ಕೇಳಿ ಬರೆದುಕೊಂಡ. ಬ್ಯಾಕಪ್ ಸರಿಯಿತ್ತು. ಬಿಟ್ಟುಹೋದವರ ಖಾತೆಗಳನ್ನೆಲ್ಲ ಮುಚ್ಚಿದ್ದಳು.

"ಎಲ್ಲಾ ಕೀಲಿಗಳೂ ನಿಮ್ಮೊಬ್ಬರ ಹತ್ರಾನೇ?"

"ಹೌದು."

"ರಜೆ ಹಾಕಿದಾಗ ಯಾರು ನೋಡ್ಕೋತಾರೆ?"

"ರಜೆ ಹಾಕಲ್ಲ."

"ಅಂದ್ರೆ?"

"ಜ್ವರ ಬಂದ್ರೂ ಬಂದು ಇಲ್ಲೇ ಮಲಗ್ತೀನಿ. ಈ ಶಾಖೆಗೆ ಇಬ್ರು ಇರ್ಬೇಕು. ಇನ್ನೊಬ್ರು ವರ್ಗ ಆಗಿ ಹೋದ ಮೇಲೆ ಆ ಜಾಗ ತುಂಬಲೇ ಇಲ್ಲ."

ಬರೆಯುತ್ತಿದ್ದ ಕೈ ನಿಂತಿತು. ಅವಳು ಕಚೇರಿಯ ಮಾತನ್ನೇ ಆಡಿದ್ದಳು, ಇದ್ದದ್ದನ್ನು ಇದ್ದ ಹಾಗೆ. ಆಡಿದ ಮೇಲೆ ಅದು ಬೇರೆಯಾಗಿ ಕೇಳಿಸಿ ಅವಳ ಕಿವಿ ಬಿಸಿಯಾಯಿತು. ಅವನು ತಲೆಯೆತ್ತದೆ, "ಬರ್ಕೊಂಡಿದ್ದೀನಿ" ಎಂದ.

ಆಮೇಲೆ ಹಳೆಯ ಸರ್ವರಿನ ಎದುರು ಕೂತ. ತೆರಿಗೆಯ ಪ್ರೋಗ್ರಾಂ ಇನ್ನೂ ಅದೇ. ಅವನು ಬೇಕೆಂದೇ ಒಂದು ತಪ್ಪು ಮನೆ ಸಂಖ್ಯೆ ಒತ್ತಿದ. ಪರದೆಯ ಮೇಲೆ 'ಇನ್ನೊಮ್ಮೆ ಸರಿಯಾಗಿ ನೋಡಿ ಸ್ವಾಮಿ' ಎಂದು ಬಂತು. ಯಾವುದೋ ಮಧ್ಯಾಹ್ನ, ಕಡತ ತುಂಬಿ ತುಂಬಿ ಬೆರಳು ನೋಯುವಾಗ, ಇಬ್ಬರೂ ನಗುನಗುತ್ತ ಸೇರಿಸಿದ ಸಾಲು ಅದು. ಊರಿನ ಗುಮಾಸ್ತರೆಲ್ಲ ಇಷ್ಟು ವರ್ಷ ಆ ಮಾತು ಕೇಳಿಸಿಕೊಂಡೇ ತಿದ್ದಿಕೊಂಡಿದ್ದರು. ಅವನಿಗೆ ನಗು ಬಂತು. ಅವಳಿಗೂ ಬಂತು. ಇಬ್ಬರೂ ನಕ್ಕು, ಒಟ್ಟಿಗೇ ನಿಲ್ಲಿಸಿದರು.

ಊಟದ ಹೊತ್ತಿಗೆ ಮುಖ್ಯಾಧಿಕಾರಿಯವರು ಎಲ್ಲೋ ಹೋಗಿದ್ದರು. ಕಿಟಕಿಯ ಬಳಿ ಅವಳು ತಂದ ಡಬ್ಬಿಯನ್ನೇ ಹಂಚಿಕೊಂಡು ತಿಂದರು. ಅಮ್ಮನ ಬಗ್ಗೆ ಕೇಳಿದ, ಹೇಳಿದಳು. ತಮ್ಮನ ಬಗ್ಗೆ ಕೇಳಿದ. ಲಾರಿಯ ಬಗ್ಗೆ ಹೇಳಿದಳು. ಅವನ ಹೆಂಡತಿ ಶಾಲೆಯ ಟೀಚರು, ಒಳ್ಳೆಯವಳು ಎಂದ. ಒಬ್ಬಳು ಮಗಳು, ಬೆಳೆದಿದ್ದಾಳೆ, ಅಪ್ಪನ ಮಾತು ಕೇಳುವುದಿಲ್ಲ ಎಂದ. ಅವಳು ಎಲ್ಲಕ್ಕೂ ಹ್ಞೂಂಗುಟ್ಟಿದಳು. ಕೇಳಬೇಕೆಂದಿದ್ದ ಒಂದು ಮಾತು ನಾಲಗೆಯ ತುದಿಗೆ ಬಂದು, ಅಲ್ಲಿಂದ ಅನ್ನದ ಜೊತೆ ಹೊಟ್ಟೆಗೆ ಹೋಯಿತು.

ಹೊರಡುವಾಗ ಅವನು, "ಇನ್ನೊಂದು ಪರೀಕ್ಷೆ ಇದೆ. ಯಾವಾಗ, ಹೇಗೆ ಅಂತ ಮುಂಚೆ ಹೇಳೋ ಹಾಗಿಲ್ಲ. ನಿಮ್ಮವರಿಗೆಲ್ಲ ಹುಷಾರಾಗಿರೋಕೆ ಹೇಳಿ" ಎಂದ. ಅವಳು ಅಂದೇ ಎಲ್ಲ ಶಾಖೆಗಳಿಗೂ ಹೋಗಿ ಸಾರಿದಳು. ಗೊತ್ತಿಲ್ಲದ ಮೇಲ್ ತೆರೆಯಬೇಡಿ. ಫೋನಿನಲ್ಲಿ ಯಾರು ಏನು ಕೇಳಿದರೂ ಬಾಯಿ ಬಿಡಬೇಡಿ. ನಿಧಾನಪ್ಪ ಗಾಜಿನಡಿಯ ಚೀಟಿ ತೆಗೆದು, ಎಲ್ಲರ ಎದುರೇ ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದ.

ಕೆಲವು ದಿನ ಕಳೆದವು. ಅವನು ಕೂತ ಕುರ್ಚಿಯನ್ನು ಅವಳು ಅಲ್ಲಿಂದ ಸರಿಸಿರಲಿಲ್ಲ. ಓಣಿಯಲ್ಲಿ ಹೆಜ್ಜೆ ಸಪ್ಪಳವಾದರೆ ಮೊದಲಿಗಿಂತ ಬೇಗ ತಲೆ ಎತ್ತುತ್ತಿದ್ದಳು. ವರ್ಷಗಳಿಂದ ಮಲಗಿದ್ದ ಒಂದು ನೋವನ್ನು ಯಾರೋ ತಟ್ಟಿ ಎಬ್ಬಿಸಿ ಹೋಗಿದ್ದರು, ಅದು ಈಗ ಮಗುವಿನ ಹಾಗೆ ನಿದ್ದೆಗೇ ಹೋಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಫೋನ್ ಬಂತು.

"ಕಂಪ್ಯೂಟರ್ ಶಾಖೆ" ಎಂದಳು.

"ನಾನು."

ಒಂದೇ ಮಾತು. ಹೆಸರು ಹೇಳುವ ಅಗತ್ಯವಿಲ್ಲ ಎಂಬ ಹಾಗೆ, ಹಿಂದೆ ಮನೆಗೆ ಫೋನ್ ಮಾಡುತ್ತಿದ್ದಾಗ ಹೇಳುತ್ತಿದ್ದ ಹಾಗೆ. ಅವಳು ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ವರದಿ ಬರೀತಾ ಕೂತಿದ್ದೀನಿ. ಸರ್ವರ್‌ದು ಒಂದು ವಿವರ ಬರ್ಕೊಳ್ಳೋದು ಬಿಟ್ಟುಹೋಗಿದೆ. ಇವತ್ತೇ ಮೇಲಕ್ಕೆ ಹೋಗ್ಬೇಕು. ಇಲ್ಲಿಂದಾನೇ ಒಂದ್ಸಲ ಒಳಗೆ ನೋಡ್ಬಿಡ್ತೀನಿ. ಒಂದು ತಾತ್ಕಾಲಿಕ ಪಾಸ್‌ವರ್ಡ್ ಮಾಡಿ ಕೊಡು."

ಕೊಡು. ಕೊಡಿ ಅಲ್ಲ.

ಗೋಡೆಯ ಮೇಲಿನ ದಪ್ಪಕ್ಷರ ಅವಳ ಕಣ್ಣೆದುರೇ ಇತ್ತು. ಅದನ್ನು ನೋಡುತ್ತಲೇ ಅವಳು ಖಾತೆ ತೆರೆದಳು, ಪಾಸ್‌ವರ್ಡ್ ಮಾಡಿದಳು, ಒಂದೊಂದೇ ಅಕ್ಷರ ಬಿಡಿಸಿ ಓದಿದಳು. ಆ ಕಡೆಯಿಂದ ಅವನು ಒಂದೊಂದನ್ನೇ ತಿರುಗಿ ಹೇಳಿದ. ಹಿಂದೆ ಹೀಗೆಯೇ ಅವಳು ಕಡತ ನೋಡಿ ಓದುತ್ತಿದ್ದಳು, ಅವನು ತಿರುಗಿ ಹೇಳುತ್ತ ಕಂಪ್ಯೂಟರಿಗೆ ತುಂಬುತ್ತಿದ್ದ. ಮುಗಿಯಬಾರದು ಎನಿಸಿತು ಅವಳಿಗೆ. ಮುಗಿಯಿತು.

"ಸಿಕ್ತಾ?" ಎಂದಳು.

"ಇದೇ ಆ ಪರೀಕ್ಷೆ" ಎಂದ ಅವನು. ದನಿ ಬೇರೆಯಾಗಿತ್ತು. "ಎಲ್ಲಾ ಕಚೇರಿಗೂ ಹೀಗೆ ಫೋನ್ ಮಾಡ್ತೀವಿ. ನೀವು ಕೊಡಲ್ಲ ಅಂತಾನೇ ಅಂದ್ಕೊಂಡಿದ್ದೆ."

ಮತ್ತೆ 'ನೀವು' ಬಂದಿತ್ತು. ಹೊರಗೆ ನೀರಿನ ಶಾಖೆಯಲ್ಲಿ ಯಾರೋ ಯಾರನ್ನೋ ಕೂಗುತ್ತಿದ್ದರು.

"ಕೇಳಿಸ್ತಿದೆಯಾ? ನಾನು ಇದನ್ನ ಬರೆಯಲ್ಲ. ಇನ್ನೊಂದು ದಿನ ಬೇರೆಯವರ ಕೈಲಿ ಫೋನ್ ಮಾಡಿಸ್ತೀನಿ. ಆವಾಗ ನೀವು..."

"ಬರೀರಿ" ಎಂದಳು.

"ನಿಮ್ಮ ಹೆಸರು ಬರುತ್ತೆ."

"ಬರ್ಲಿ. ಕೊಟ್ಟೋಳು ನಾನೇ ತಾನೇ? ನೀವು ನಿಮ್ಮ ಕೆಲಸ ಮಾಡಿ."

ಫೋನ್ ಇಟ್ಟು, ಮೊದಲು ಆ ತಾತ್ಕಾಲಿಕ ಖಾತೆಯನ್ನು ಮುಚ್ಚಿದಳು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಆಮೇಲೆ ಹಿಂದಿನ ನಲ್ಲಿಯ ಬಳಿ ಹೋಗಿ ನೀರು ಬಿಟ್ಟುಕೊಂಡು ಬಹಳ ಹೊತ್ತು ಮುಖ ತೊಳೆದಳು. ನಿಯಮ ಮುರಿದದ್ದಕ್ಕೆ ನಾಚಿಕೆಯಾಗಿತ್ತು, ನಿಜ. ಆದರೆ ಅದಕ್ಕಿಂತ ಒಳಗೆ ಕೊರೆಯುತ್ತಿದ್ದುದು ಬೇರೆ. ಆ 'ಕೊಡು' ಎಂಬುದನ್ನು ಅವನು ಒಂದು ಹತಾರದ ಹಾಗೆ ಕೈಯಲ್ಲಿ ಹಿಡಿದು ಬಂದಿದ್ದನೆ? ಇಷ್ಟು ವರ್ಷ ಆ ಒಂದು ಏಕವಚನಕ್ಕಾಗಿ ತಾನು ಕಾದು ಕೂತದ್ದು ಅವನಿಗೆ ಗೊತ್ತಿತ್ತೆ?

ಮನೆಯಲ್ಲಿ ತಮ್ಮನ ಹೆಂಡತಿ ಎಲ್ಲ ಕೇಳಿ, ಬಾಯಲ್ಲಿದ್ದ ದಾರ ಕಡಿದು, "ಅಲ್ಲ ಅತ್ತಿಗೆ, ಬರೆಯಲ್ಲ ಅಂದ್ರೆ ಸುಮ್ನೆ ಇರ್ಬಾರ್ದಾ? ಹೋಗೋ ಮಾರಿನ ಮನೆಗೆ ಕರೆದ ಹಾಗಾಯ್ತು" ಎಂದಳು.

"ಅವರು ಸುಳ್ಳು ವರದಿ ಬರೆಯೋದು ನಂಗೆ ಬೇಡ."

"ಅವರ ವರದಿ ಚಿಂತೆ ನಿಮಗ್ಯಾಕೆ?"

ಅವಳು ಎದ್ದು ಊಟಕ್ಕೆ ತಟ್ಟೆ ಹಾಕಿದಳು. ತಮ್ಮನ ಹೆಂಡತಿ ಆ ಮುಖ ನೋಡಿ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದಳು.

ವರದಿ ಬಂತು. ಮುಖ್ಯಾಧಿಕಾರಿಯವರ ಕೋಣೆಯಲ್ಲಿ ಎಲ್ಲ ಶಾಖೆಯವರೂ ಸೇರಿದರು. ನಗರಸಭೆಯ ಅಧ್ಯಕ್ಷೆಯೂ ಬಂದಿದ್ದರು. ವರದಿ ಓದುವ ಕೆಲಸ ನಿಧಾನಪ್ಪನ ಪಾಲಿಗೆ ಬಂದಿತ್ತು. ಅವನು ಒಂದೊಂದೇ ತಪ್ಪನ್ನು ಅಗಿದು ಅಗಿದು ಓದಿದ. ತನ್ನ ಗಾಜಿನಡಿಯ ಚೀಟಿ ಬಂದಾಗ ಕೆಮ್ಮಿದ. ಕೊನೆಯ ಪುಟಕ್ಕೆ ಬಂದು ತಡವರಿಸಿದ. ಫೋನ್ ಪರೀಕ್ಷೆಯಲ್ಲಿ ಉಳಿದ ಶಾಖೆಗಳವರು ಯಾರೂ ಬಾಯಿ ಬಿಟ್ಟಿರಲಿಲ್ಲ. ಸರ್ವರಿನ ಪಾಸ್‌ವರ್ಡನ್ನು ಫೋನಿನಲ್ಲಿ ಕೊಟ್ಟದ್ದು ಕಂಪ್ಯೂಟರ್ ಶಾಖೆಯ ಮುಖ್ಯಸ್ಥೆಯೇ ಎಂದು ಅಲ್ಲಿತ್ತು.

ಎಲ್ಲರೂ ಅವಳ ಕಡೆ ತಿರುಗಿದರು. ಆರೋಗ್ಯ ಶಾಖೆಯವನೊಬ್ಬ, "ಬೇಲಿಯೇ ಎದ್ದು ಹೊಲ ಮೇಯ್ತು" ಎಂದು ಪಕ್ಕದವನ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಅಧ್ಯಕ್ಷೆ ಕೇಳಿದರು, "ಯಾಕಮ್ಮಾ ಕೊಟ್ಟಿ?"

"ಧ್ವನಿ ಗೊತ್ತಿತ್ತು ಮೇಡಂ. ನಂಬಿದೆ."

"ಗೊತ್ತಿದ್ದೋರೇ ಕೇಳಿದ್ರೆ ತಪ್ಪೇನು ಹಾಗಾದ್ರೆ?" ಎಂದರು ಮುಖ್ಯಾಧಿಕಾರಿ, ಅವಳನ್ನು ಬಚಾವು ಮಾಡುವ ದಾರಿ ಹುಡುಕುತ್ತ.

"ತಪ್ಪೇ ಸರ್. ಈಗ ಧ್ವನಿನೂ ನಕಲು ಮಾಡ್ತಾರೆ. ಮಗನ ದನೀಲಿ ತಾಯಿಗೆ ಫೋನ್ ಮಾಡಿ ಮೋಸ ಮಾಡ್ತಾರೆ." ಮುಂದಿನ ಮಾತು ಅವಳಿಗೆ ಸುಲಭವಾಗಿರಲಿಲ್ಲ. "ನನಗೆ ಏನು ಶಿಕ್ಷೆ ಕೊಟ್ರೂ ಸರಿ. ಆದ್ರೆ ನನ್ನ ಬೈದ್ರೆ ಬೀಗ ಗಟ್ಟಿಯಾಗಲ್ಲ. ಮನುಷ್ಯರ ಮನಸ್ಸು ಒಂದು ದಿನ ಇದ್ದ ಹಾಗೆ ಒಂದು ದಿನ ಇರಲ್ಲ. ಯಾರಿಗೆ ಯಾರ ದನಿ ಕೇಳಿ ಯಾವಾಗ ಕೈ ಸಡಿಲ ಆಗುತ್ತೋ ಹೇಳೋಕಾಗಲ್ಲ. ನಾನು ಜಾರಿದ್ರೂ ಬಾಗಿಲು ತೆರೀಬಾರ್ದು. ಹಾಗಿರ್ಬೇಕು ವ್ಯವಸ್ಥೆ. ನಾನು ಕೇಳ್ತಾ ಇದ್ದದ್ದು ಅದನ್ನೇ."

ನಿಧಾನಪ್ಪ ವರದಿಯ ಕೊನೆಯ ಸಾಲನ್ನು, ಯಾರೂ ಹೇಳದಿದ್ದರೂ, ಓದಿದ: 'ಈ ಕಚೇರಿಯ ಭದ್ರತೆ ಇಷ್ಟು ವರ್ಷ ಒಬ್ಬರೇ ವ್ಯಕ್ತಿಯ ಶಿಸ್ತಿನ ಮೇಲೆ ನಿಂತಿದೆ. ಅದು ಅವರ ತಪ್ಪಲ್ಲ, ಕಚೇರಿಯ ತಪ್ಪು.' ಅಧ್ಯಕ್ಷೆ ವರದಿಯನ್ನು ಈಸಿಕೊಂಡು ಆ ಸಾಲನ್ನು ತಾವೇ ಇನ್ನೊಮ್ಮೆ ಓದಿಕೊಂಡರು. ಹೊಸ ವ್ಯವಸ್ಥೆಗೆ ಅಲ್ಲೇ ಒಪ್ಪಿಗೆ ಕೊಟ್ಟರು. ಅವಳಿಗೆ ಒಂದು ಎಚ್ಚರಿಕೆಯ ಪತ್ರವೂ ಸಿಕ್ಕಿತು. ನಿಧಾನಪ್ಪ ಬೀಗರ ಮಾತೆತ್ತುತ್ತಾನೆಂದು ಅವಳು ಕಾದಳು. ಅವನು ಎತ್ತಲಿಲ್ಲ. ಕೆಳಗಿಳಿದು ಬಂದು, ತಾನೇ ತಂದ ಚಹಾ ಅವಳ ಮೇಜಿನ ಮೇಲಿಟ್ಟು ಹೋದ. ಬರುವಷ್ಟರಲ್ಲಿ ಅದು ಆರಿತ್ತು. ಅವಳು ಕುಡಿದಳು.

ಹೊಸ ಯಂತ್ರಗಳು ಬಂದವು. ಇನ್ನು ಮೇಲೆ ಪಾಸ್‌ವರ್ಡಿನ ಜೊತೆ ಕೈಯಲ್ಲಿ ಒಂದು ಪುಟ್ಟ ಕೀಲಿ ಸಾಧನವೂ ಬೇಕು; ಸರ್ವರಿನೊಳಗೆ ಯಾರನ್ನು ಬಿಡಬೇಕಾದರೂ ಇಬ್ಬರು ಒಪ್ಪಬೇಕು. ಆ ಎರಡನೆಯವರು ಯಾರು ಎಂದಾಗ ಅವಳು ನಿಧಾನಪ್ಪನ ಹೆಸರು ಹೇಳಿದಳು. ಎಲ್ಲರೂ ನಕ್ಕರು. "ಅವಸರ ಇಲ್ಲದವರೇ ಬೇಕು" ಎಂದಳು. ಅವನಿಗೆ ಕಲಿಸುವುದರಲ್ಲಿ ಅವಳಿಗೆ ಸಾಕುಬೇಕಾಯಿತು, ಆದರೆ ಕಲಿತದ್ದನ್ನು ಅವನು ಮರೆಯಲಿಲ್ಲ.

ಹಳೆಯ ಸರ್ವರನ್ನು ಮುಚ್ಚುವ ದಿನ ಸಹಿ ಹಾಕಲು ಅವನು ರಾಜಧಾನಿಯಿಂದ ಬಂದ. ಊರೆಲ್ಲ ಹಳೆಯದರಿಂದ ಹೊಸದಕ್ಕೆ ಹೋಗುತ್ತಿತ್ತು. ಪರದೆಯ ಮೇಲೆ ಒಂದು ಪಟ್ಟಿ ಇಷ್ಟಿಷ್ಟೇ ತುಂಬುತ್ತಿತ್ತು. ಅದು ತುಂಬುವವರೆಗೆ ಇಬ್ಬರಿಗೂ ಮಾಡಲು ಕೆಲಸವಿರಲಿಲ್ಲ. ಸಂಜೆಯ ಬಿಸಿಲು ಕಿಟಕಿಯಿಂದ ಮೇಜಿನ ಮೇಲೆ ಬಿದ್ದಿತ್ತು.

"ಒಂದು ಕೇಳ್ತೀನಿ" ಎಂದಳು. "ಆವತ್ತು ಫೋನಿನಲ್ಲಿ 'ಕೊಡು' ಅಂದ್ರಲ್ಲ. ಅದೂ ಪರೀಕ್ಷೆನಾ?"

ಅವನು ಕನ್ನಡಕ ತೆಗೆದ. ಇಲ್ಲ ಎಂದಿದ್ದರೆ ಅವಳು ನಂಬುತ್ತಿದ್ದಳೋ ಏನೋ. ಅವನು ಹಾಗೆನ್ನಲಿಲ್ಲ.

"ಹೇಳ್ಬೇಕಾದ್ದನ್ನೆಲ್ಲ ಬರ್ಕೊಂಡು ಕೂತಿದ್ದೆ. ಅದರಲ್ಲಿ 'ಕೊಡಿ' ಅಂತಾನೇ ಇತ್ತು. ಬಾಯಿಗೆ 'ಕೊಡು' ಬಂತು. ಬಂದ ತಕ್ಷಣ ಗೊತ್ತಾಯ್ತು, ಇನ್ನು ನೀನು ಇಲ್ಲ ಅನ್ನಲ್ಲ ಅಂತ. ಅಲ್ಲೇ ನಿಲ್ಲಿಸ್ಬಹುದಾಗಿತ್ತು. ನಿಲ್ಲಿಸ್ಲಿಲ್ಲ."

"ಯಾಕೆ?"

"ನೀನು ಕೊಡ್ತೀಯಾ ಅಂತ ನೋಡ್ಬೇಕು ಅನ್ನಿಸ್ತು. ಕೆಲಸಕ್ಕಲ್ಲ."

ಅವಳು ಪರದೆ ನೋಡುತ್ತ ಕೂತಳು. ಸಿಟ್ಟು ಬರಬೇಕಿತ್ತು, ಸ್ವಲ್ಪ ಬಂತು ಕೂಡ. ಅದರ ಹಿಂದೆಯೇ, ತಾನೊಬ್ಬಳೇ ಅಲ್ಲ ಹಾಗಾದರೆ, ಎಂಬ ಒಂದು ತಣ್ಣನೆಯ ನೆಮ್ಮದಿಯೂ ಬಂತು. ಆ ನೆಮ್ಮದಿಯಿಂದ ಏನೂ ಮಾಡುವ ಹಾಗಿರಲಿಲ್ಲ. ಅವನಿಗೆ ಮನೆಯಿತ್ತು, ಹೆಂಡತಿಯಿದ್ದಳು, ಅಪ್ಪನ ಮಾತು ಕೇಳದ ಮಗಳಿದ್ದಳು.

"ಕೊಟ್ಟೆನಲ್ಲ" ಎಂದಳು ಕೊನೆಗೆ. "ಇನ್ನು ಕೇಳ್ಬೇಡ. ಇನ್ನು ಕೊಡೋಕೂ ಆಗಲ್ಲ, ನಿಧಾನಪ್ಪ ಒಪ್ಬೇಕು."

ಇಬ್ಬರೂ ನಕ್ಕರು. ಪಟ್ಟಿ ತುಂಬಿತು. ಅವನು ಸಹಿ ಹಾಕಿದ, ಅವಳು ಸಹಿ ಹಾಕಿದಳು. ಹಳೆಯ ಸರ್ವರಿನ ಗುಂಡಿಯನ್ನು ಅವಳೇ ಒತ್ತಿದಳು. ಫ್ಯಾನಿನ ಸದ್ದು ನಿಂತಾಗ ಕೋಣೆ ಇಷ್ಟು ದೊಡ್ಡದಿದೆ ಎಂದು ಮೊದಲ ಸಲ ಗೊತ್ತಾಯಿತು. ಅವನು ಬಾಗಿಲಲ್ಲಿ ನಿಂತು "ಹೋಗ್ಬರ್ತೀನಿ" ಎಂದ. ನಮ್ಮ ಮಾತಿನಲ್ಲಿ ಹೋಗುವವರು ಯಾರೂ ಹೋಗುತ್ತೇನೆ ಎನ್ನುವುದಿಲ್ಲ. ಅವಳು ಹ್ಞೂಂ ಎಂದಳು.

ಆಮೇಲೆ ಅವಳ ದಿನಗಳು ವಿಚಿತ್ರವಾಗಿ ಹಗುರಾದವು. ಐದಕ್ಕೆ ಕೆಲಸ ಮುಗಿಯುತ್ತಿತ್ತು. ಬೆಳಕಿರುವಾಗಲೇ ಬೀದಿಗೆ ಬಂದು, ಮುಂದೇನು ಎಂದು ತೋಚದೆ ತರಕಾರಿ ಅಂಗಡಿಯ ಮುಂದೆ ಸುಮ್ಮನೆ ನಿಲ್ಲುತ್ತಿದ್ದಳು. ಅವಳ ರಜೆಗಳು ಬೆಟ್ಟದಷ್ಟು ಉಳಿದಿದ್ದವು. ಒಂದು ದಿನ ತಮ್ಮನ ಹೆಂಡತಿ, "ನಾನು ಸಮುದ್ರಾನೇ ನೋಡಿಲ್ಲ ಅತ್ತಿಗೆ. ನಿಮ್ಮ ತಮ್ಮ ದಿನಾ ಅದರ ಪಕ್ಕದಲ್ಲೇ ಲಾರಿ ಓಡಿಸ್ತಾರಂತೆ" ಎಂದಳು. ಅವಳು ಮರುದಿನವೇ ರಜೆಯ ಅರ್ಜಿ ಕೊಟ್ಟಳು. ಮುಖ್ಯಾಧಿಕಾರಿಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಏನಾದರೂ ಕಾಯಿಲೆಯೇ ಎಂದು ಕೇಳಿದರು.

ಬಸ್ಸು ರಾಜಧಾನಿಯ ಮೇ‍ಲೆಯೇ ಹೋಗಬೇಕಿತ್ತು. ಅಲ್ಲಿನ ನಿಲ್ದಾಣದಲ್ಲಿ ಚಹಾಕ್ಕೆಂದು ನಿಲ್ಲಿಸಿದರು. ರಸ್ತೆಯಾಚೆ ನಿರ್ದೇಶನಾಲಯದ ಕಟ್ಟಡ ಕಾಣುತ್ತಿತ್ತು. ಆದೇಶಗಳ ಮೇಲಿನ ವಿಳಾಸ ಅವಳಿಗೆ ಬಾಯಿಪಾಠ. ಸಾಲು ಸಾಲು ಕಿಟಕಿಗಳು, ಎಲ್ಲವೂ ಒಂದೇ ತರ. ಯಾವುದರ ಹಿಂದೆ ಅವನು ಕೂತಿದ್ದಾನೋ, ಅಥವಾ ಇಂದು ಬಂದೇ ಇಲ್ಲವೋ.

"ಇಳಿದು ಒಂದು ಫೋನ್ ಮಾಡಿ ಬನ್ನಿ" ಎಂದಳು ತಮ್ಮನ ಹೆಂಡತಿ, ಅವಳ ಕಡೆ ನೋಡದೆ. "ಇಲ್ಲಿವರೆಗೆ ಬಂದ್ವಿ, ಸುಮ್ನೆ ವಿಚಾರಿಸ್ದೆ ಅನ್ನಿ. ಅದರಲ್ಲೇನು ತಪ್ಪು?"

ಅವಳು ಇಳಿದಳು. ಚಹಾ ತೆಗೆದುಕೊಂಡಳು. ಕಟ್ಟಡದ ಗೇಟಿನಿಂದ ಜನ ಬರುತ್ತಿದ್ದರು, ಹೋಗುತ್ತಿದ್ದರು. ಕನ್ನಡಕವನ್ನು ದಾರದಲ್ಲಿ ಇಳಿಬಿಟ್ಟ ಯಾರೋ ಒಬ್ಬರು ಹೊರಬಂದಾಗ ಅವಳು ಒಂದು ಹೆಜ್ಜೆ ಮುಂದಿಟ್ಟಳು; ಅವನಲ್ಲ. ಕೈಯಲ್ಲಿ ಫೋನಿತ್ತು. ಹೇಳಬೇಕಾದ್ದೆಲ್ಲ ಹೇಳಿಯಾಗಿತ್ತು, ಕೇಳಬೇಕಾದ್ದೂ ಕೇಳಿಯಾಗಿತ್ತು. ಆದರೂ ಆ ದನಿ ಇನ್ನೊಮ್ಮೆ ಬೇಕೆನಿಸುವುದು ನಿಂತಿರಲಿಲ್ಲ. ಬಹುಶಃ ಅದು ನಿಲ್ಲುವಂಥದ್ದಲ್ಲ. ಕಂಡಕ್ಟರ್ ಸೀಟಿ ಊದಿದ. ಅವಳು ಲೋಟ ಹಿಂದಿರುಗಿಸಿ ಬಸ್ಸು ಹತ್ತಿದಳು.

"ಮಾಡಿದ್ರಾ?"

"ಇಲ್ಲ."

ತಮ್ಮನ ಹೆಂಡತಿ ಚೀಲದಿಂದ ಒಂದು ಕಿತ್ತಳೆ ತೆಗೆದು, ಸುಲಿದು, ನಾರು ಬಿಡಿಸಿ, ಒಂದೊಂದೇ ತೊಳೆಯನ್ನು ಅವಳ ಕೈಗೆ ಕೊಡತೊಡಗಿದಳು. ಬಸ್ಸು ಊರು ಬಿಟ್ಟು ತೆರೆದ ರಸ್ತೆಗೆ ಬಂತು. ಅವಳು ಕಿಟಕಿಗೆ ಒರಗಿಕೊಂಡು, ಕೊಟ್ಟದ್ದನ್ನೆಲ್ಲ ತಿನ್ನುತ್ತ ಹೋದಳು. ಹಣ್ಣು ತುಸು ಹುಳಿಯಿತ್ತು, ಬೀಜಗಳೂ ಇದ್ದವು. ಸಮುದ್ರ ಇನ್ನೂ ದೂರವಿತ್ತು.